ಹಿಂದಿನ ಚಕ್ರದ ಗರಗರ ಸದ್ದು: ನನ್ನ ಅನುಭವ

ಕಾರಟಗಿಯಿಂದ ಅಕ್ಕಿ ಚೀಲ ಹೇರಿಕೊಂಡು ಕೊಪ್ಪಳಕ್ಕೆ ಬರುವಾಗ ನನ್ನ ಪಿಕಪ್‌ನ ಹಿಂದೆ ಗರಗರ ಶುರುವಾಯಿತು. 40ರಲ್ಲಿ ಸಣ್ಣಗೆ, 60ಕ್ಕೆ ಜೋರು. ಬೀಸುವ ಕಲ್ಲಿಗೆ ಜೋಳ ಹಾಕಿದ ಹಾಗೆ. ಗ್ಯಾರೇಜಿನ ಹುಡುಗ ಕೇಳಿದವನೇ, "ಕ್ರೌನ್ ಹೋಗೈತ್ರೀ ಅಣ್ಣಾ, ಬಿಚ್ಚಬೇಕು" ಅಂದ. ಕ್ರೌನ್ ಅಂದರೆ ಹಿಂದಿನ ಎರಡು ಚಕ್ರಗಳ ನಡುವಿನ ದೊಡ್ಡ ಗೇರ್. ಅದನ್ನು ಬಿಚ್ಚುವುದು ದೊಡ್ಡ ಖರ್ಚು. ಮೊದಲು ನಾನೇ ನೋಡೋಣ ಅಂತ ಲೋಡ್ ಇಳಿಸಿ ಗಿಣಿಗೇರಾ ಕಡೆ ಗಾಡಿ ಓಡಿಸಿದೆ.

ನ್ಯೂಟ್ರಲ್‌ಗೆ ಹಾಕಿ ಬಿಟ್ಟೆ. ಸದ್ದು ನಿಲ್ಲಲಿಲ್ಲ, ವೇಗದ ಜೊತೆಗೇ ಇಳಿಯಿತು. ಅಂದರೆ ಎಂಜಿನ್ ಅಲ್ಲ. ಬ್ರೇಕ್ ಮೆಲ್ಲಗೆ ಒತ್ತಿದೆ, ವ್ಯತ್ಯಾಸವಿಲ್ಲ. ಬ್ರೇಕ್ ಡ್ರಮ್ಮಿಗೆ ಉಜ್ಜುವ ಲೈನರ್ ಸವೆದಿದ್ದರೆ ಸದ್ದು ಬದಲಾಗಬೇಕಿತ್ತು. ಕ್ರೌನ್ ಕೆಟ್ಟರೆ ಸಾಮಾನ್ಯವಾಗಿ ಆಕ್ಸಿಲರೇಟರ್ ಒತ್ತಿದಾಗ ಒಂದು ಸದ್ದು, ಬಿಟ್ಟಾಗ ಇನ್ನೊಂದು. ಇಲ್ಲಿ ಎರಡೂ ಒಂದೇ. ಆಮೇಲೆ ಸಿಕ್ಕಿತು ಸುಳಿವು. ಉದ್ದನೆಯ ಎಡ ತಿರುವಿನಲ್ಲಿ ಸದ್ದು ಏರಿತು, ಬಲ ತಿರುವಿನಲ್ಲಿ ಕಮ್ಮಿಯಾಯಿತು. ಎಡಕ್ಕೆ ತಿರುಗಿದಾಗ ಭಾರ ಬಲಕ್ಕೆ ವಾಲುತ್ತದೆ ಅಲ್ವಾ? ಬಲ ಚಕ್ರದ ಬೇರಿಂಗ್ ಮೇಲೆ ಅನುಮಾನ ಬಂತು.

ಮನೆಗೆ ಬಂದು ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟೆ. ಹಿಂದೆ ಜಾಕ್ ಏರಿಸಿ ಆಕ್ಸಲ್ ಒಳಗಿರುವ ಹೌಸಿಂಗ್ ಕೆಳಗೆ ಸ್ಟ್ಯಾಂಡ್ ಇಟ್ಟೆ. ಜಾಕ್ ಒಂದನ್ನೇ ನಂಬಿ ದಯವಿಟ್ಟು ಕೈ ಹಾಕಬೇಡಿ. ಹ್ಯಾಂಡ್ ಬ್ರೇಕ್ ಬಿಟ್ಟು, ಒಂದು ಕೈಯಲ್ಲಿ ಚಕ್ರ ತಿರುಗಿಸುತ್ತಾ ಇನ್ನೊಂದು ಕೈಯನ್ನು ಸ್ಪ್ರಿಂಗ್ ಪಟ್ಟಾ ಮೇಲೆ ಇಟ್ಟೆ. ಎಡಗಡೆ ಪಟ್ಟಾ ಸುಮ್ನೆ ಇತ್ತು. ಬಲಗಡೆ ಬೆರಳಿಗೆ ಮರಳು ಅರೆದಂಥ ನಡುಕ. ಕಿವಿಗಿಂತ ಬೆರಳನ್ನು ನಾನು ಜಾಸ್ತಿ ನಂಬುತ್ತೇನೆ.

ಡ್ರಮ್ ತೆಗೆದರೆ ಲೈನರ್ ತುಂಬ ಎಣ್ಣೆ. ಆಕ್ಸಲ್ ಎಳೆದು ನೋಡಿದೆ. ಬೇರಿಂಗಿನ ಗ್ರೀಸ್ ಕೆಸರಿನ ಬಣ್ಣಕ್ಕೆ ತಿರುಗಿತ್ತು, ಒರೆಸಿದರೆ ಒಳಗೆಲ್ಲ ತುಕ್ಕಿನ ಚುಕ್ಕೆ. ಬೇರಿಂಗ್ ಒತ್ತಿ ಕೂಡಿಸುವ ಪ್ರೆಸ್ ಯಂತ್ರ ಇರುವ ಕಡೆ ಹೋಗಿ ಹೊಸ ಬೇರಿಂಗ್ ಕೂಡಿಸಿಕೊಂಡು ಬಂದೆ. ಸುತ್ತಿಗೆಯಲ್ಲಿ ಬಡಿದು ಕೂಡಿಸಿದರೆ ಅದೂ ಬೇಗ ಹೋಗುತ್ತದೆ. ಎಣ್ಣೆ ಹೊರಗೆ ಬರದಂತೆ ತಡೆಯುವ ಸೀಲ್ ಹೋಗಿತ್ತು, ಅದೂ ಹೊಸದು, ಲೈನರ್ ಎರಡೂ ಕಡೆ ಹೊಸದು.

ಆದರೆ ಸೀಲ್ ಯಾಕೆ ಹೋಯಿತು? ಹೌಸಿಂಗ್ ಮೇಲಿನ ಬ್ರೀದರ್, ಅಂದರೆ ಗಾಳಿ ಹೋಗುವ ಸಣ್ಣ ಕಿಂಡಿ, ನೋಡಿದೆ. ಸುಗ್ಗಿಯಲ್ಲಿ ಗಾಡಿಯನ್ನು ಭತ್ತದ ಗದ್ದೆಗೆ ಇಳಿಸಿದ್ದೆ, ಅಲ್ಲಿನ ಎರೆಮಣ್ಣು ಒಣಗಿ ಕಲ್ಲಿನ ಹಾಗೆ ಕೂತಿತ್ತು. ಒಳಗೆ ಬಿಸಿಯಾದ ಗಾಳಿಗೆ ಹೊರಗೆ ಹೋಗಲು ದಾರಿಯಿಲ್ಲ. ಅದು ಎಣ್ಣೆಯನ್ನು ಸೀಲಿನ ಕಡೆ ತಳ್ಳಿತ್ತು. ಬ್ರೀದರನ್ನು ಡೀಸೆಲ್‌ನಲ್ಲಿ ತೊಳೆದು, ಬಾಯಿಂದ ಊದಿ ನೋಡಿ ಹಾಕಿದೆ. ಕಮ್ಮಿಯಾದ ಎಣ್ಣೆ ತುಂಬಿದೆ.

ಮರುದಿನ ಅದೇ ಎಡ ತಿರುವಿನಲ್ಲಿ ಗಾಜು ಇಳಿಸಿ ಕಿವಿಗೊಟ್ಟೆ. ಟೈರಿನ ಸದ್ದು ಮಾತ್ರ ಕೇಳಿತು.