ನಡುರಾತ್ರಿ ಬಾಗಿಲು ಬಡಿದರೆ ನಾನು ಏನು ಮಾಡುತ್ತೇನೆ

ರಾತ್ರಿ ಹೊತ್ತು ಗುರುತಿಲ್ಲದವರು ಬಾಗಿಲು ಬಡಿದರೆ ತೆಗೆಯಲೇಬೇಡಿ ಅಂತ ಎಲ್ಲರೂ ಹೇಳುತ್ತಾರೆ. ನನ್ನ ಕೆಲಸಕ್ಕೆ ಆ ಮಾತು ಹೊಂದುವುದಿಲ್ಲ. ನಾನು ರಾಯಚೂರು ಜಿಲ್ಲೆಯಲ್ಲಿ, ಮಾನ್ವಿ ಕಡೆಯ ಒಂದು ಊರಿನ ಆರೋಗ್ಯ ಉಪಕೇಂದ್ರದಲ್ಲಿ ಸಿಸ್ಟರ್. ಉಪಕೇಂದ್ರಕ್ಕೆ ಹೊಂದಿಕೊಂಡೇ ನನ್ನ ಕ್ವಾರ್ಟರ್ಸ್ ಇದೆ. ಯಜಮಾನರ ಕೆಲಸ ರಾಯಚೂರಿನಲ್ಲಿ. ರಜೆ ಇದ್ದಾಗ ಬರುತ್ತಾರೆ. ಉಳಿದ ರಾತ್ರಿಗಳಲ್ಲಿ ಮನೆಯಲ್ಲಿ ಇರುವುದು ನಾನು ಮತ್ತು ನನ್ನ ಮಗಳು.

ಹೆರಿಗೆ ನೋವು, ಚೇಳಿನ ಕಡಿತ, ಹಾವಿನ ಕಡಿತ, ಮಗುವಿಗೆ ಜ್ವರ ಏರಿ ಫಿಟ್ಸ್ ಬರುವುದು, ಇವು ಯಾವುವೂ ಹೊತ್ತು ನೋಡಿ ಬರುವುದಿಲ್ಲ. ಬರುವವರೆಲ್ಲ ನಮ್ಮ ಊರಿನವರೂ ಅಲ್ಲ. ಹತ್ತಿ ಬಿಡಿಸಲು ಬಂದವರು, ಭತ್ತದ ಕೊಯ್ಲಿಗೆ ಬಂದು ಹೊಲದಲ್ಲೇ ಜೋಪಡಿ ಹಾಕಿಕೊಂಡವರು, ಕುರಿ ಹಿಂಡಿನ ಜೊತೆ ತಿರುಗುವವರು, ರಸ್ತೆಯ ಲಾರಿಯವರು, ಎಲ್ಲರೂ ಬರುತ್ತಾರೆ. ಉಪಕೇಂದ್ರದ ಬೋರ್ಡ್ ಕಂಡರೆ ಬಾಗಿಲು ಬಡಿಯುತ್ತಾರೆ. ಬಡಿಯಲೇಬೇಕು. ನಾನು ಸುಮ್ಮನೆ ಮಲಗಿಬಿಟ್ಟರೆ ಒಂದು ಜೀವ ಹೋಗಬಹುದು. ಯಾರು ಅಂತ ನೋಡದೆ ಚಿಲಕ ತೆಗೆದರೆ ನನ್ನ ಮಗಳಿಗೆ ಅಪಾಯ. ಇವೆರಡರ ನಡುವೆ ನಾನು ರೂಢಿ ಮಾಡಿಕೊಂಡ ದಾರಿಯನ್ನು ಇಲ್ಲಿ ಬರೆಯುತ್ತಿದ್ದೇನೆ. ಮೊದಲು ಮಾತು, ಆಮೇಲೆ ಬಾಗಿಲು. ಎಷ್ಟೋ ಸಲ ಬಾಗಿಲು ತೆಗೆಯದೆಯೇ ಬಂದವರ ಕೆಲಸ ಆಗಿಬಿಡುತ್ತದೆ.

ಕೆಲವರು ಸದ್ದು ಕೇಳಿದ ಕೂಡಲೇ ಉಸಿರು ಬಿಗಿಹಿಡಿದು ಮಲಗುತ್ತಾರೆ. ಯಾರೂ ಇಲ್ಲ ಅಂದುಕೊಂಡು ಹೋಗಲಿ ಅಂತ. ನಾನು ಹಾಗೆ ಮಾಡುವುದಿಲ್ಲ. ಕಳ್ಳತನಕ್ಕೆ ಬಂದವನು ಎಷ್ಟೋ ಸಲ ಬಾಗಿಲು ಬಡಿಯುವುದೇ ಒಳಗೆ ಜನ ಇದ್ದಾರೋ ಇಲ್ಲವೋ ತಿಳಿಯುವುದಕ್ಕೆ. ನಾವು ಸುಮ್ಮನಿದ್ದರೆ ಅವನಿಗೆ ಬೇಕಾದ ಉತ್ತರ ಸಿಕ್ಕ ಹಾಗೆ. ನಿಜವಾಗಿ ಕಷ್ಟದಲ್ಲಿ ಬಂದವನೋ, ಯಾರೂ ಇಲ್ಲ ಅಂತ ವಾಪಸ್ ಹೋಗುತ್ತಾನೆ. ಎರಡೂ ಕಡೆ ನಷ್ಟ.

ಹಾಗಾಗಿ ನಾನು ಮೊದಲು ಹೊರಗಿನ ಲೈಟ್ ಹಾಕುತ್ತೇನೆ. ಅದರ ಸ್ವಿಚ್ ಮಂಚದ ಪಕ್ಕದಲ್ಲೇ ಇದೆ. ಇಲ್ಲಿಗೆ ಬಂದ ಮೇಲೆ ಮಾಡಿಸಿದ ಮೊದಲ ಕೆಲಸ ಅದು. ಒಳಗಿನ ಲೈಟ್ ಹಾಕುವುದಿಲ್ಲ. ಹೊರಗೆ ಬೆಳಕು, ಒಳಗೆ ಕತ್ತಲು ಇದ್ದರೆ ನನಗೆ ಅವರು ಕಾಣುತ್ತಾರೆ, ಅವರಿಗೆ ನಾನು ಕಾಣುವುದಿಲ್ಲ. ಬಾಗಿಲ ಹತ್ತಿರ ಹೋಗುವುದೂ ಇಲ್ಲ. ಪಕ್ಕದ ಕೋಣೆಯ ಕಿಟಕಿಯಿಂದ ಕಟ್ಟೆ ಪೂರ್ತಿ ಕಾಣುತ್ತದೆ, ಅಲ್ಲಿ ನಿಂತು ನೋಡುತ್ತೇನೆ. ಎಷ್ಟು ಜನ ಇದ್ದಾರೆ, ಗಾಡಿ ಇದೆಯಾ, ಗಾಡಿಯಲ್ಲಿ ಯಾರಾದರೂ ಮಲಗಿದ್ದಾರಾ, ಹೆಂಗಸರು ಇದ್ದಾರಾ, ಗೋಡೆಯ ಮರೆಯಲ್ಲಿ ಯಾರಾದರೂ ನಿಂತಿದ್ದಾರಾ ಅಂತ. ಕೊನೆಯದನ್ನು ಮರೆಯಬಾರದು. ಒಬ್ಬ ಎದುರಿಗೆ ನಿಂತು ಮಾತಾಡುತ್ತಾ ಇನ್ನೊಬ್ಬ ಮರೆಯಲ್ಲಿದ್ದರೆ ನಾನು ಮಾತು ಮುಂದುವರಿಸುವುದಿಲ್ಲ, ಫೋನ್ ಹಚ್ಚುತ್ತೇನೆ. ಕರೆಂಟ್ ಹೋಗಿದ್ದರೆ ದಿಂಬಿನ ಪಕ್ಕದ ಬ್ಯಾಟರಿಯನ್ನು ಕಿಟಕಿಯಿಂದ ಅವರ ಮೇಲೆ ಬಿಡುತ್ತೇನೆ. ಯಾರೂ ಬೇಜಾರು ಮಾಡಿಕೊಂಡಿಲ್ಲ.

ನನಗೆ ಬಾಗಿಲು ಎರಡು. ಒಳಗೆ ಕಟ್ಟಿಗೆಯದು, ಹೊರಗೆ ಕಬ್ಬಿಣದ ಗ್ರಿಲ್. ಗ್ರಿಲ್‌ಗೆ ಒಳಗಿನಿಂದ ಬೀಗ. ಸರಳುಗಳ ಸಂದಿಯಲ್ಲಿ ಕೈ ಹಾಕಿ ಬೀಗ ಮುಟ್ಟಲಾಗದಂತೆ ಕೆಳಗಿನ ಅರ್ಧಕ್ಕೆ ಜಾಳಿಗೆ ಹೊಡೆಸಿದ್ದೇನೆ. ಮೇಲೆ ಒಂದು ಕಡೆ ನೀರಿನ ಬಾಟಲಿ, ಮಾತ್ರೆ ದಾಟಿಸುವಷ್ಟು ಜಾಗ ಬಿಡಿಸಿದೆ. ವೆಲ್ಡಿಂಗ್ ಅಂಗಡಿಯವರು ಅರ್ಧ ದಿನದಲ್ಲಿ ಮುಗಿಸಿಕೊಟ್ಟರು. ಒಂಟಿಯಾಗಿರುವ ಹೆಣ್ಣುಮಕ್ಕಳಿಗೆ, ವಯಸ್ಸಾದವರಿಗೆ ನಾನು ಹೇಳುವುದು ಇದನ್ನೇ. ಕ್ಯಾಮೆರಾ ಆಮೇಲೆ ಹಾಕಿಸಿ, ಮೊದಲು ಗ್ರಿಲ್ ಮಾಡಿಸಿ. ಗ್ರಿಲ್ ಇದ್ದರೆ ಮುಖ ನೋಡಿ ಮಾತಾಡಬಹುದು, ಧೈರ್ಯವೂ ಬರುತ್ತದೆ.

ಇನ್ನು ಮಾತಿನ ವಿಷಯ. ನನ್ನ ಅನುಭವದಲ್ಲಿ ನಿಜವಾದ ಗುರುತು ಸಿಗುವುದು ಇಲ್ಲೇ. ಗಟ್ಟಿಯಾಗಿ, ಪಕ್ಕದ ಮನೆಗೆ ಕೇಳುವ ಹಾಗೆ ಕೇಳುತ್ತೇನೆ: "ಯಾರ್ರೀ? ಯಾವೂರ್ರೀ? ಯಾರಿಗೆ ಏನಾಗ್ಯಾದ?" ನಮ್ಮ ಕಡೆ ಕನ್ನಡ ಒಂದೇ ಸಾಲದು. ಉತ್ತರ ಬರದಿದ್ದರೆ ತೆಲುಗಿನಲ್ಲಿ "ಎವರು?" ಅನ್ನುತ್ತೇನೆ, ಆಮೇಲೆ "ಕೌನ್ ಹೈ?" ಅನ್ನುತ್ತೇನೆ. ಎಷ್ಟೋ ಸಲ ಬಡವರು ಸುಮ್ಮನೆ ನಿಂತಿರುವುದು ಭಾಷೆ ಬಾರದ ಕಾರಣಕ್ಕೆ.

ರೋಗಿಯನ್ನು ಕರೆತಂದವರು ಮೊದಲು ರೋಗಿಯ ಮಾತೇ ಆಡುತ್ತಾರೆ. "ಸಿಸ್ಟರಮ್ಮ, ನಮ್ಮ ತಂಗಿಗೆ ನೋವು ಸುರು ಆಗ್ಯಾವ್ರೀ, ನೀರು ಹೋಗ್ಯಾವ್ರೀ" ಅಂತ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಯಾವಾಗ ಶುರುವಾಯಿತು, ಎಷ್ಟನೇ ಹೆರಿಗೆ, ಎಲ್ಲಿ ಕಡಿಯಿತು, ವಾಂತಿ ಆಯಿತಾ ಅಂತ ಎಷ್ಟು ಕೇಳಿದರೂ ಉತ್ತರ ಕೊಡುತ್ತಾರೆ. ಯಾಕಂದರೆ ಅವರ ತಲೆಯಲ್ಲಿ ಅದೇ ತುಂಬಿರುತ್ತದೆ. ಬೇರೆ ಉದ್ದೇಶ ಇರುವವರ ಮಾತು ಬಾಗಿಲ ಸುತ್ತಲೇ ಸುತ್ತುತ್ತದೆ. "ಮೊದಲು ಬಾಗಿಲಾ ತೆಗೀರಿ, ಆಮೇಲೆ ಹೇಳ್ತೀವಿ." "ಒಬ್ಬರೇ ಇದ್ದೀರೇನು?" "ಒಳಗ ಕುಂತು ಮಾತಾಡೋಣ." ಅಂತಹ ಮಾತು ಬಂದರೆ ನಾನು ಇನ್ನೇನೂ ಕೇಳುವುದಿಲ್ಲ. ಒಬ್ಬಳೇ ಇದ್ದೇನೆ ಅಂತ ಯಾವತ್ತೂ ಹೇಳುವುದಿಲ್ಲ. "ತಡೀರಿ, ಮನೆಯವರನ್ನ ಎಬ್ಬಿಸ್ತೀನಿ" ಅನ್ನುತ್ತೇನೆ. ಮನೆಯಲ್ಲಿ ಗಂಡಸರು ಇಲ್ಲದ ರಾತ್ರಿಯಲ್ಲೂ ಹೀಗೇ ಹೇಳುತ್ತೇನೆ. ಜೀವ ಕಾಯುವ ಸುಳ್ಳಿಗೆ ನನಗೆ ಸಂಕೋಚವಿಲ್ಲ.

ಹೆರಿಗೆಗೆ ಬಂದವರಿಗೆ ನನ್ನದೊಂದು ಪದ್ಧತಿ ಇದೆ. ಬಸುರಿಯರ ಹತ್ತಿರ ತಾಯಿ ಕಾರ್ಡ್ ಇರುತ್ತದೆ. ಅದನ್ನು ಕಿಟಕಿಯ ಮುಂದೆ ಹಿಡಿಯಿರಿ ಅನ್ನುತ್ತೇನೆ. ಹೆಸರು, ಊರು, ತಿಂಗಳು ಎಲ್ಲ ಅದರಲ್ಲಿ ಇರುತ್ತದೆ, ನನ್ನ ರಿಜಿಸ್ಟರ್‌ನಲ್ಲೂ ಇರುತ್ತದೆ. ಏಳನೇ ತಿಂಗಳಿನಿಂದಲೇ ಪ್ರತಿ ಮನೆಗೂ ಹೇಳಿಟ್ಟಿರುತ್ತೇನೆ: ರಾತ್ರಿ ನೋವು ಬಂದರೆ ಮೊದಲು ಆಶಾ ಕಾರ್ಯಕರ್ತೆಗೆ ಹೇಳಿ, ಅವರಿಂದ ನನಗೆ ಫೋನ್ ಬರಲಿ, ಕಾರ್ಡ್ ಕೈಯಲ್ಲಿ ಇರಲಿ. ಇದರಿಂದ ಗುರುತಿಲ್ಲದವರ ಬಡಿತ ಅರ್ಧಕ್ಕರ್ಧ ಗುರುತಿನವರ ಬಡಿತ ಆಯಿತು. ಬೇರೆ ಕೆಲಸದವರೂ ಇಂಥದ್ದೊಂದು ಮಾಡಿಕೊಳ್ಳಬಹುದು. ಪಂಪ್‌ಸೆಟ್ ರಿಪೇರಿಯವರು, ದನದ ಡಾಕ್ಟರು, ಯಾರ ಮನೆಗೆ ರಾತ್ರಿ ಜನ ಬರುತ್ತಾರೋ ಅವರೆಲ್ಲ "ಮೊದಲು ಫೋನ್ ಮಾಡಿ" ಅಂತ ನಂಬರ್ ಸಮೇತ ಬಾಗಿಲ ಮೇಲೆ ದೊಡ್ಡದಾಗಿ ಬರೆಸಬೇಕು. ನಾನು ಚಿಕ್ಕವಳಿದ್ದಾಗ ಊರೂರಲ್ಲಿ ಬಾಗಿಲ ಮೇಲೆ "ನಾಳೆ ಬಾ" ಅಂತ ಬರೆದಿರುತ್ತಿದ್ದರು, ದೆವ್ವ ಓದಿಕೊಂಡು ವಾಪಸ್ ಹೋಗಲಿ ಅಂತ. ಈಗ ಅದೇ ಜಾಗದಲ್ಲಿ ನನ್ನ ಫೋನ್ ನಂಬರ್ ಇದೆ.

ಗ್ರಿಲ್ ತೆಗೆಯದೆ ಎಷ್ಟು ಸಹಾಯ ಮಾಡಬಹುದು ಅಂತ ಜನರಿಗೆ ಗೊತ್ತಿಲ್ಲ. ಹಾವು ಕಡಿದಿದೆ ಅಂತ ಬಂದರೆ ನನ್ನ ಹತ್ತಿರ ಅದರ ಔಷಧಿಯೇ ಇಲ್ಲ. ಅದು ದೊಡ್ಡ ಆಸ್ಪತ್ರೆಯಲ್ಲೇ ಸಿಗಬೇಕು. ನಾನು ಬಾಗಿಲು ತೆಗೆದು ಹೊರಗೆ ಬಂದು ಮಾಡುವುದು ಏನೂ ಇರುವುದಿಲ್ಲ. ಒಳಗಿನಿಂದಲೇ 108ಕ್ಕೆ ಫೋನ್ ಮಾಡುತ್ತೇನೆ. ಅಷ್ಟರಲ್ಲಿ ಅವರಿಗೆ ಹೇಳುತ್ತೇನೆ: ಬಿಗಿಯಾಗಿ ಹಗ್ಗ ಕಟ್ಟಬೇಡಿ, ಬ್ಲೇಡಿನಿಂದ ಕೊಯ್ಯಬೇಡಿ, ಬಾಯಿಂದ ಹೀರಬೇಡಿ, ನಡೆಸಬೇಡಿ, ಮಲಗಿಸಿ ಕೈಕಾಲು ಅಲುಗದಂತೆ ನೋಡಿಕೊಳ್ಳಿ, ನಾಟಿ ಔಷಧಿ ಅಂತ ಹೊತ್ತು ಕಳೆಯಬೇಡಿ. ಚೇಳು ಕಡಿದ ಮಗು ಬೆವರುತ್ತಾ ವಾಂತಿ ಮಾಡುತ್ತಿದ್ದರೆ, ಕೈಕಾಲು ತಣ್ಣಗಾಗಿದ್ದರೆ ಅದೂ ಆಸ್ಪತ್ರೆಯ ಕೇಸೇ, ಮನೆಯಲ್ಲಿ ಕಾಯುವಂಥದ್ದಲ್ಲ. ರಾಜ್ಯದಲ್ಲಿ 108 ಆಂಬುಲೆನ್ಸ್ 2008ರ ನವೆಂಬರ್‌ನಲ್ಲಿ ಶುರುವಾಯಿತು. ಅದಕ್ಕೂ ಮೊದಲು ಇಂಥ ರಾತ್ರಿಗಳಲ್ಲಿ ಗಾಡಿ ಹುಡುಕಲು ಸಿಸ್ಟರ್‌ಗಳೇ ಓಣಿ ಓಣಿ ತಿರುಗುತ್ತಿದ್ದರು ಅಂತ ಹಿರಿಯ ಸಿಸ್ಟರ್ ಒಬ್ಬರು ಹೇಳುತ್ತಿದ್ದರು. ಲಾರಿ ಕೆಟ್ಟು ನಿಂತವರಿಗೂ ಇದೇ ಕ್ರಮ. ನೀರು ಬೇಕಾ, ಬಾಟಲಿ ದಾಟಿಸುತ್ತೇನೆ. ಫೋನ್ ಮಾಡಬೇಕಾ, ನಂಬರ್ ಹೇಳಿ, ನಾನೇ ಮಾಡಿ ಸ್ಪೀಕರ್‌ಗೆ ಹಾಕುತ್ತೇನೆ. ನನ್ನ ಫೋನನ್ನು ಕೈಗೆ ಕೊಡುವುದಿಲ್ಲ.

ನಾನು ಹೊರಗೆ ಬರಲೇಬೇಕಾದ ರಾತ್ರಿಗಳೂ ಇರುತ್ತವೆ. ಹೆಂಗಸು ಕಟ್ಟೆಯ ಮೇಲೇ ಹೆರುವ ಹಾಗಿದ್ದರೆ ಸರಳ ಹಿಂದೆ ನಿಂತು ನೋಡಲು ಆಗುತ್ತದಾ? ಆಗ ಮೊದಲು ಬಾಜು ಮನೆಯ ಕಾಕಾ ಅವರಿಗೆ ಫೋನ್ ಮಾಡುತ್ತೇನೆ. ಅವರ ಮನೆ, ಎದುರು ಮನೆ, ನಮ್ಮ ಮನೆ, ಮೂರರ ನಡುವೆ ಒಪ್ಪಂದ ಇದೆ. ಎರಡು ರಿಂಗ್ ಬಂದರೆ ಎದ್ದು ಹೊರಗಿನ ಲೈಟ್ ಹಾಕಬೇಕು, ಬಾಗಿಲಿಗೆ ಬಂದು ಕೆಮ್ಮಬೇಕು. ಕಾಕಾ ಕೋಲು, ಬ್ಯಾಟರಿ ಹಿಡಿದು ಬರುತ್ತಾರೆ, ಕಾಕಿ ಬಂದು ನನ್ನ ಮಗಳ ಹತ್ತಿರ ಕೂರುತ್ತಾರೆ. ಅವರು ಬಂದ ಮೇಲೆಯೇ ನಾನು ಬೀಗ ತೆಗೆಯುವುದು. ಬೇಸಿಗೆಯಲ್ಲಿ ಇದು ಸುಲಭ. ನಮ್ಮ ರಾಯಚೂರಿನ ಬಿಸಿಲಿಗೆ ಏಪ್ರಿಲ್, ಮೇ ತಿಂಗಳಲ್ಲಿ ಮನೆಯೊಳಗೆ ಮಲಗುವವರು ಕಡಿಮೆ. ಓಣಿಗೆ ಓಣಿಯೇ ಮಾಳಿಗೆಯ ಮೇಲೆ, ಕಟ್ಟೆಯ ಮೇಲೆ ಇರುತ್ತದೆ. ಗುರುತಿಲ್ಲದ ಗಾಡಿ ಬಂದರೆ ಮೇಲಿನಿಂದಲೇ ನಾಲ್ಕು ಜನ "ಯಾರೋ?" ಅನ್ನುತ್ತಾರೆ. ಎಚ್ಚರ ಜಾಸ್ತಿ ಬೇಕಾಗುವುದು ಮಳೆಗಾಲದಲ್ಲಿ, ಚಳಿಗಾಲದಲ್ಲಿ. ಬಾಗಿಲುಗಳೆಲ್ಲ ಮುಚ್ಚಿರುತ್ತವೆ, ಕೂಗಿದರೂ ಕೇಳುವುದಿಲ್ಲ.

ಒಂದು ಮಾತನ್ನು ಮನಸ್ಸು ತುಂಬಾ ಭಾರ ಮಾಡಿಕೊಂಡು ಬರೆಯುತ್ತಿದ್ದೇನೆ. ಬಾಗಿಲಿಗೆ ಬಂದವರ ಮೇಲೆ ಅನುಮಾನ ಬಂದರೂ ನಾನು "ಕಳ್ಳ, ಕಳ್ಳ" ಅಂತ ಕೂಗುವುದಿಲ್ಲ. 2018ರ ಜುಲೈನಲ್ಲಿ ನಮ್ಮದೇ ಕಲ್ಯಾಣ ಕರ್ನಾಟಕದ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರು ಅನ್ನುವ ಸುಳ್ಳು ಸುದ್ದಿ ನಂಬಿ ಜನರ ಗುಂಪು ಹೈದರಾಬಾದಿನ ಯುವಕನೊಬ್ಬನನ್ನು ಹೊಡೆದು ಕೊಂದಿತು. ಅವನು ಮತ್ತು ಗೆಳೆಯರು ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರು, ಅಷ್ಟೇ. ಆ ವರ್ಷ ಮೊಬೈಲ್‌ಗಳಲ್ಲಿ ಅಂಥ ವಿಡಿಯೋಗಳು ಹರಿದಾಡುತ್ತಿದ್ದವು. ನಮ್ಮ ಊರಿನಲ್ಲೂ ಜನ ಗುರುತಿಲ್ಲದವರನ್ನು ಕಂಡರೆ ಕೋಲು ಹಿಡಿಯುತ್ತಿದ್ದರು. ನಿದ್ದೆಗಣ್ಣಿನಲ್ಲಿ ಎದ್ದು ಬಂದ ಗುಂಪಿಗೆ ವಿಚಾರಿಸುವ ತಾಳ್ಮೆ ಇರುವುದಿಲ್ಲ. ಅದಕ್ಕೇ ನಾನು ಊರನ್ನು ಎಬ್ಬಿಸುವುದಿಲ್ಲ, ಎರಡು ಮನೆಯನ್ನು ಎಬ್ಬಿಸುತ್ತೇನೆ. ಅದಕ್ಕೂ ಮೀರಿದ್ದಾದರೆ 112. ಪೊಲೀಸ್, ಬೆಂಕಿ, ಆಂಬುಲೆನ್ಸ್ ಮೂರಕ್ಕೂ ಅದೊಂದೇ ನಂಬರ್. ಫೋನ್ ಎತ್ತಿದ ಕೂಡಲೇ ತಾಲ್ಲೂಕು, ಊರು, ಗುರುತಿನ ಜಾಗ ಹೇಳುತ್ತೇನೆ, ಆಮೇಲೆ ವಿಷಯ. ಲೈನ್ ಕಟ್ ಆದರೂ ಅವರಿಗೆ ಜಾಗ ಗೊತ್ತಾಗಿರಬೇಕು ನೋಡಿ.

ಪೊಲೀಸರು ಅಂತ ಹೇಳಿಕೊಂಡು ಬಂದರೂ ನನ್ನ ಗ್ರಿಲ್ ಮೊದಲು ತೆಗೆಯುವುದಿಲ್ಲ. ಹೆಸರು, ಠಾಣೆ ಕೇಳಿ, ಐಡಿ ಕಾರ್ಡ್ ನೋಡಿ, 112ಕ್ಕೆ ಫೋನ್ ಮಾಡಿ ವಿಚಾರಿಸುತ್ತೇನೆ. ನಿಜವಾದ ಪೊಲೀಸರು ಇದಕ್ಕೆ ಸಿಟ್ಟಾಗುವುದಿಲ್ಲ. ಹೆಣ್ಣುಮಕ್ಕಳು ತಿಳಿದಿರಬೇಕಾದ ಕಾನೂನೂ ಒಂದಿದೆ. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಹೆಂಗಸರನ್ನು ಬಂಧಿಸುವಂತಿಲ್ಲ. ವಿಶೇಷ ಸಂದರ್ಭ ಇದ್ದರೆ ಮಹಿಳಾ ಪೊಲೀಸ್ ಅಧಿಕಾರಿ ಮ್ಯಾಜಿಸ್ಟ್ರೇಟರ ಅನುಮತಿ ಮೊದಲೇ ಪಡೆದು ಬಂಧಿಸಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 43ನೇ ಸೆಕ್ಷನ್‌ನಲ್ಲಿ ಇದು ಇದೆ, ಹಳೆಯ ಕಾನೂನಿನಲ್ಲೂ ಇತ್ತು. ಕರೆಂಟಿನವರು ಅಂತ ಬಂದರೆ ಇನ್ನೂ ಸರಳ. ನಾವು ದೂರು ಕೊಡದಿದ್ದರೆ ಜೆಸ್ಕಾಂನವರು ರಾತ್ರಿ ಮನೆಯೊಳಗೆ ಬರುವ ಕೆಲಸವೇ ಇಲ್ಲ. 1912ಕ್ಕೆ ಫೋನ್ ಮಾಡಿ ಕೇಳಬಹುದು.

ಕುಡಿದು ಮನೆ ತಪ್ಪಿ ಬಂದವರ ಜೊತೆ ವಾದ ಮಾಡುವುದಿಲ್ಲ. ಬೈಯುವುದೂ ಇಲ್ಲ. "ಅಣ್ಣಾ, ನಿಮ್ಮ ಮನಿ ಮುಂದಿನ ಓಣ್ಯಾಗ ಐತಿ" ಅಂತ ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿದರೆ ಹೋಗುತ್ತಾರೆ.

ಯುಗಾದಿಗೆ ಮುಂಚಿನ ವಾರಗಳಲ್ಲಿ ಮಾತ್ರ ನಮ್ಮ ರಸ್ತೆಯ ರಾತ್ರಿ ಬೇರೆಯೇ ಆಗಿರುತ್ತದೆ. ಶ್ರೀಶೈಲಕ್ಕೆ ಪಾದಯಾತ್ರೆ ಹೊರಟವರು ಬಿಸಿಲು ತಪ್ಪಿಸಿ ರಾತ್ರಿ, ನಸುಕಿನಲ್ಲಿ ನಡೆಯುತ್ತಾರೆ. ಮಲ್ಲಯ್ಯನ ಹೆಸರು ಹೇಳಿಕೊಂಡು ಬಂದವರಿಗೆ ನೀರು ಇಲ್ಲ ಅನ್ನುವ ಊರು ನಮ್ಮದಲ್ಲ. ಅದೇ ಹೊತ್ತಿಗೆ ಬೆಂಗಳೂರು ಕಡೆ ಗುಳೆ ಹೋದವರೂ ಹಬ್ಬಕ್ಕೆ ರಾತ್ರಿ ಬಸ್ಸಿನಲ್ಲಿ ಬಂದು ಇಳಿಯುತ್ತಾರೆ, ಕೂಸುಗಳನ್ನು ಎತ್ತಿಕೊಂಡು, ಬಾಯಾರಿ. ಪ್ರತಿ ಬಡಿತಕ್ಕೂ ಏಳುತ್ತಿದ್ದರೆ ಬೆಳಿಗ್ಗೆ ಮಕ್ಕಳಿಗೆ ಲಸಿಕೆ ಹಾಕಲು ಕೈ ನಡುಗುತ್ತದೆ. ಅದಕ್ಕೆ ಬೇಸಿಗೆ ಪೂರ್ತಿ ಕಾಂಪೌಂಡಿನ ಹೊರಗೆ ಬೇವಿನ ಮರದ ಕೆಳಗೆ ದೊಡ್ಡ ಗಡಿಗೆಯಲ್ಲಿ ನೀರು ತುಂಬಿಸಿ, ಲೋಟ ಕಟ್ಟಿ, ಮೇಲೊಂದು ಬಲ್ಬ್ ಹಾಕಿಸಿದ್ದೇನೆ. ಪಕ್ಕದಲ್ಲಿ ಕೂರಲು ಕಲ್ಲು ಬೆಂಚು. ನೀರಿಗಾಗಿ ಬಾಗಿಲು ಬಡಿಯುವುದು ಬಹುತೇಕ ನಿಂತಿತು. ಬಂದವರಿಗೂ ಬೇಡಿ ಕುಡಿಯುವ ಸಂಕೋಚ ಇಲ್ಲ.

ಬೆಳಿಗ್ಗೆ ಮಾಡುವ ಕೆಲಸವನ್ನೂ ಬಿಡಬಾರದು. ರಾತ್ರಿ ಯಾರು ಬಂದರು, ಎಷ್ಟು ಗಂಟೆಗೆ, ಗಾಡಿ ನಂಬರ್ ಏನು ಅಂತ ಒಂದು ನೋಟ್‌ಬುಕ್‌ನಲ್ಲಿ ಬರೆಯುತ್ತೇನೆ. ಅನುಮಾನ ಬಂದದ್ದಿದ್ದರೆ ಬೀಟ್ ಪೊಲೀಸರಿಗೆ ಹೇಳುತ್ತೇನೆ, ಆಶಾ ಮತ್ತು ಅಂಗನವಾಡಿ ಟೀಚರ್‌ಗೂ ತಿಳಿಸುತ್ತೇನೆ. ಅವರೂ ಒಂಟಿಯಾಗಿ ಓಡಾಡುವವರು. ನಮ್ಮ ಕಟ್ಟೆಯ ಎದುರಿನ ಬೀದಿ ದೀಪ ಕೆಟ್ಟಿತ್ತು. ಆ ನೋಟ್‌ಬುಕ್ಕಿನ ಪುಟಗಳನ್ನು ತೋರಿಸಿಯೇ ಪಂಚಾಯಿತಿಯಲ್ಲಿ ಹೊಸ ದೀಪ ಹಾಕಿಸಿದೆ. ಈಗ ಉಪಕೇಂದ್ರದ ಹಿಂದಿನ ಗೋಡೆಯ ಕಡೆಗೆ ಇನ್ನೊಂದಕ್ಕೆ ಅರ್ಜಿ ಕೊಟ್ಟಿದ್ದೇನೆ.