ಕನ್ನಡಿಗೆ ಬೆಡ್‌ಶೀಟ್ ಹೊದಿಸಿದ ಪರೀಕ್ಷೆ

ಡ್ಯಾನ್ಸ್ ಪರೀಕ್ಷೆಯಲ್ಲಿ ಕಾಪಿ ಹೊಡೆಯುವುದು ಹೇಗೆ, ಚೀಟಿಯನ್ನು ಗೆಜ್ಜೆಯೊಳಗೆ ಇಟ್ಟುಕೊಳ್ಳುತ್ತಾರಾ ಅಂತ ನನ್ನ ತಮ್ಮ ಒಮ್ಮೆ ತಮಾಷೆ ಮಾಡಿದ್ದ. ಆಗ ನಾನೂ ನಕ್ಕಿದ್ದೆ. ಈಗ ಅಷ್ಟು ನಗು ಬರುವುದಿಲ್ಲ.

ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪ, ಕುಶಾಲನಗರ, ಸೋಮವಾರಪೇಟೆ ಅಂತ ಒಂದೊಂದು ಊರಿನಲ್ಲಿ ಚಿಕ್ಕ ಚಿಕ್ಕ ಭರತನಾಟ್ಯ ಕ್ಲಾಸ್ ನಡೆಸುವ ಐದು ಜನ ಟೀಚರ್‌ಗಳು ನಾವು. ಮಕ್ಕಳು ಜೂನಿಯರ್, ಸೀನಿಯರ್, ವಿದ್ವತ್ ಅಂತ ದೊಡ್ಡ ಪರೀಕ್ಷೆಗಳಿಗೆ ಹೋಗುವ ಮೊದಲು ಅಳುಕು ಬಿಡಲಿ ಅಂತ ನಾವೇ ಸೇರಿ ವರ್ಷಕ್ಕೊಂದು ಪೂರ್ವಪರೀಕ್ಷೆ ನಡೆಸುತ್ತೇವೆ. ಥಿಯರಿಗೆ 40, ಪ್ರಾಕ್ಟಿಕಲ್‌ಗೆ 60. ಮೊದಲ ವರ್ಷ ನಿಯಮ ಅಂತ ಏನೂ ಇರಲಿಲ್ಲ. ಎಲ್ಲಾ ನಮ್ಮ ಮಕ್ಕಳೇ ಅಲ್ವಾ, ಯಾಕೆ ಬೇಕು ಅಂದುಕೊಂಡೆವು. ಎರಡನೇ ವರ್ಷ ನಿಯಮ ನೋಡಿಕೊಳ್ಳುವ ಜವಾಬ್ದಾರಿ ನನ್ನ ತಲೆಗೆ ಬಂತು.

ಥಿಯರಿಯಲ್ಲಿ ಚೀಟಿ ಸಿಕ್ಕಿದ್ದು ಕಡಿಮೆ. ಸಿಕ್ಕಿದ್ದು ಮೆಹೆಂದಿ. ಸೀನಿಯರ್‌ನ ಒಬ್ಬ ಹುಡುಗಿ ಚಿಕ್ಕಮ್ಮನ ಮಗಳ ಮದುವೆ ಮುಗಿಸಿ ಎರಡೂ ಅಂಗೈ ತುಂಬ ಮೆಹೆಂದಿ ಹಾಕಿಕೊಂಡು ಬಂದಿದ್ದಳು. ಬಳ್ಳಿ, ಹೂವು, ನವಿಲು. ಆ ಬಳ್ಳಿಯ ಎಲೆಗಳ ಮಧ್ಯೆ ಚಿಕ್ಕದಾಗಿ ಪ, ತ್ರಿ, ಅ, ಕ, ಮ, ಅ, ಅ, ಶು... ಮದುಮಗಳ ಕೈಯಲ್ಲಿ ಗಂಡಿನ ಹೆಸರು ಅಡಗಿಸುವುದನ್ನು ನೋಡಿದ್ದೇನೆ. ಇದು ಪತಾಕ, ತ್ರಿಪತಾಕ, ಅರ್ಧಪತಾಕ, ಕರ್ತರೀಮುಖ. ಒಂಟಿ ಕೈಯ 28 ಮುದ್ರೆಗಳೂ, ಅಂದರೆ ಅಸಂಯುತ ಹಸ್ತಗಳು, ಸಾಲಾಗಿ ಅಲ್ಲೇ ಇದ್ದವು.

ರೂಮಿನಲ್ಲಿದ್ದ ಇನ್ನೊಬ್ಬ ಟೀಚರ್ ಪೇಪರ್ ಕಿತ್ತುಕೊಳ್ಳಲು ಹೊರಟರು. ನಾನು ತಡೆದೆ. ಸುತ್ತ ಮೂವತ್ತು ಮಕ್ಕಳಿದ್ದರು. ಅಲ್ಲಿ ಗಲಾಟೆ ಆದರೆ ಏನೂ ಮಾಡದವರ ಕೈಯೂ ನಡುಗುತ್ತದೆ. ಅವಳ ಹತ್ತಿರ ಬಗ್ಗಿ ಆ ಒಂದು ಪ್ರಶ್ನೆ ಬಿಟ್ಟು ಉಳಿದದ್ದನ್ನು ಬರಿ, ಅದನ್ನು ಆಮೇಲೆ ನನ್ನ ಹತ್ತಿರ ಬಾಯಲ್ಲಿ ಹೇಳು ಅಂದೆ. ಒಂದು ನೋಟ್‌ಬುಕ್‌ನಲ್ಲಿ ಗಂಟೆ ಎಷ್ಟು, ಕಂಡದ್ದು ಏನು ಅಂತ ಎರಡು ಸಾಲು ಬರೆದು ಇಬ್ಬರೂ ಸಹಿ ಹಾಕಿದೆವು. ಕಂಡದ್ದು ಮಾತ್ರ. ನಮ್ಮ ಅನುಮಾನ ಬರೆಯಲಿಲ್ಲ. ಕೈಯ ಫೋಟೊ ತೆಗೆಯೋಣ ಅಂದರು, ಬೇಡ ಅಂದೆ. ಮಗುವಿನ ಕೈ ಅದು, ಯಾರ ಫೋನಿನಿಂದ ಎಲ್ಲಿಗೆ ಹೋಗುತ್ತದೋ ಯಾರಿಗೆ ಗೊತ್ತು.

ಪರೀಕ್ಷೆ ಮುಗಿದ ಮೇಲೆ ಅಮ್ಮನನ್ನೂ ಕೂರಿಸಿಕೊಂಡು ಕೇಳಿದೆ. ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತ ಹುಡುಗಿ 28 ಹಸ್ತಗಳನ್ನೂ ಒಂದೇ ಉಸಿರಿನಲ್ಲಿ ಹೇಳಿದಳು! ಅಷ್ಟು ಚಂದವಾಗಿ ಕೂತು ಬರೆದುಕೊಂಡವಳಿಗೆ ಬಾಯಿಪಾಠ ಆಗದೆ ಇರುತ್ತಾ? ಸರಿ, ಪತಾಕದ ವಿನಿಯೋಗ, ಅಂದರೆ ಅದನ್ನು ಏನೇನು ತೋರಿಸಲು ಬಳಸುತ್ತಾರೆ ಅಂತ, ಮಾಡಿ ತೋರಿಸು ಅಂದೆ. ‘ನಾಟ್ಯಾರಂಭೇ ವಾರಿವಾಹೇ’ ಅಂದಳು. ವಾರಿವಾಹ ಅಂದರೆ ಏನು ಅಂತ ಕೇಳಿದರೆ ಸುಮ್ಮನಾದಳು. ಮೋಡ ಅಂತ ಅವಳಿಗೆ ಗೊತ್ತಿರಲಿಲ್ಲ. ಹೊರಗೆ ಮೂರು ದಿನದಿಂದ ಬಿಡದೆ ಸುರಿಯುತ್ತಿತ್ತು!

ಆ ಪ್ರಶ್ನೆಗೆ ಸೊನ್ನೆ ಕೊಟ್ಟೆವು, ಉಳಿದ ಅಂಕ ಉಳಿಸಿದೆವು. ಕಡಿಮೆಯಾಯಿತು ಅಂತ ಕೆಲವರು ಅಂದರು. ನನಗೆ ಹಾಗೆ ಅನಿಸಲಿಲ್ಲ. ಪ್ರಶ್ನೆಯಲ್ಲೇ ತಪ್ಪಿತ್ತು. ಹೆಸರುಗಳನ್ನು ಸಾಲಾಗಿ ಬರೆಯಿರಿ ಅಂದರೆ ಚೀಟಿಗೆ ನಾವೇ ಕರೆ ಕೊಟ್ಟ ಹಾಗೆ. ಮುಂದಿನ ವರ್ಷದಿಂದ ನಿಮ್ಮ ಅಲರಿಪ್ಪು ನೃತ್ಯದ ಕೊನೆಯ ತೀರ್ಮಾನವನ್ನು, ಅಂದರೆ ಮುಗಿಸುವ ತಾಳದ ನುಡಿಗಳನ್ನು, ತಾಳಕ್ಕೆ ಹೊಂದಿಸಿ ಬರೆಯಿರಿ ಅಂತ ಕೇಳಿದೆವು. ಇಲ್ಲವೇ ತ್ರಿಪುಟ ತಾಳಕ್ಕೆ ಐದೂ ಜಾತಿಯಲ್ಲಿ ಎಷ್ಟೆಷ್ಟು ಅಕ್ಷರ (ತಾಳದ ಎಣಿಕೆ) ಅಂತ ಕೇಳಿ, ಆಮೇಲೆ ಕೈಯಲ್ಲಿ ಹಾಕಿಸಿದೆವು. ತಾಳದಲ್ಲಿ ಜಾತಿಗೆ ತಕ್ಕ ಹಾಗೆ ಬದಲಾಗುವ ಭಾಗವಾದ ಲಘುವಿನ ಲೆಕ್ಕ ಗೊತ್ತಿದ್ದರೆ 7, 8, 9, 11, 13 ಅಂತ ತಾನಾಗಿ ಬರುತ್ತದೆ. ಅಕ್ಕಪಕ್ಕ ಕೂತ ಇಬ್ಬರು ಮಿಶ್ರ ಜಾತಿಗೆ 12 ಅಂತ ಒಂದೇ ತಪ್ಪು ಬರೆದಿದ್ದರು. ತಾಳ ಹಾಕಿಸಿದಾಗ ಒಬ್ಬಳು ಸರಿಯಾಗಿ 11ಕ್ಕೆ ಮುಗಿಸಿ ತಾನೇ ನಾಲಿಗೆ ಕಚ್ಚಿಕೊಂಡಳು. ಇನ್ನೊಬ್ಬಳಿಗೆ ಎಲ್ಲಿಂದ ಶುರು ಮಾಡಬೇಕು ಅಂತಲೇ ಗೊತ್ತಿರಲಿಲ್ಲ. ಯಾರು ಯಾರದ್ದು ನೋಡಿದ್ದು ಅಂತ ನಾವು ವಿಚಾರಣೆ ಮಾಡಬೇಕಾಗಲಿಲ್ಲ.

ನಾವು ತಪ್ಪು ಮಾಡಿದ್ದನ್ನೂ ಹೇಳಬೇಕು. ಒಂದು ವರ್ಷ ಪರೀಕ್ಷೆ ಬಿದ್ದದ್ದು ಕೊಡಗಿನ ಮಳೆಗಾಲದ ಹಬ್ಬ ಕಕ್ಕಡ 18ರ ಮರುದಿನ. ಜೂನಿಯರ್‌ನ ಒಬ್ಬ ಹುಡುಗನ ಬೆರಳ ತುದಿಗಳೆಲ್ಲ ನೇರಳೆ. ಇಂಕಿನಲ್ಲಿ ಏನೋ ಬರೆದು ಉಜ್ಜಿಕೊಂಡಿದ್ದಾನೆ ಅಂತ ನಾನೇ ಅವನನ್ನು ಎಬ್ಬಿಸಿ ನಿಲ್ಲಿಸಿದೆ. ಅವನಿಗೆ ಅಳು ಬಂತು. ಮದ್ದು ಸೊಪ್ಪು ಮಿಸ್, ಪಾಯಸಕ್ಕೆ ಅಜ್ಜಿ ಜೊತೆ ಸೊಪ್ಪಿನ ರಸ ಹಿಂಡಿದೆ ಅಂದ. ನಮ್ಮ ಮನೆಯಲ್ಲೂ ಹಿಂದಿನ ದಿನ ಅದೇ ನೇರಳೆ ಪಾಯಸ. ನನಗೆ ಹೊಳೆಯಬೇಕಿತ್ತು. ಎಲ್ಲರ ಮುಂದೆ ಎಬ್ಬಿಸಿದ್ದೆನಲ್ಲ, ಎಲ್ಲರ ಮುಂದೆಯೇ ತಪ್ಪಾಯ್ತು ಕಣೋ ಅಂದೆ. ಅವನಿಗೆ ಹತ್ತು ನಿಮಿಷ ಜಾಸ್ತಿ ಕೊಟ್ಟೆ. ಅವತ್ತಿನಿಂದ ಒಬ್ಬರೇ ನೋಡಿ ಯಾರನ್ನೂ ಎಬ್ಬಿಸುವ ಹಾಗಿಲ್ಲ.

ಆದರೆ ಮಕ್ಕಳದ್ದು ಚಿಕ್ಕ ವಿಷಯ. ಪ್ರಾಕ್ಟಿಕಲ್‌ನಲ್ಲಿ ಕಾಪಿ ಮಾಡಿಸುವವರು ನಾವು, ಟೀಚರ್‌ಗಳು.

ಕ್ಲಾಸಿನಲ್ಲಿ ನಾವು ಕೋಲಿನಿಂದ ತಾಳ ಹಾಕುವ ತಟ್ಟುಮಣೆಯ ಮುಂದೆ ಕೂತು ಹೇಳಿಕೊಡುತ್ತಲೇ ಇರುತ್ತೇವೆ. ಬಲಗಡೆಯಿಂದ ಎಡಕ್ಕೆ ತಿರುಗುವ ಮೊದಲು ದನಿ ಸ್ವಲ್ಪ ಏರುತ್ತದೆ. ಅಡವು, ಅಂದರೆ ಹೆಜ್ಜೆಯ ವರಸೆ, ಬದಲಾಗುವಾಗ ಕೋಲು ಒಂದು ಪೆಟ್ಟು ಗಟ್ಟಿಯಾಗಿ ಬೀಳುತ್ತದೆ. ‘ಶಬ್ದ’ ಅನ್ನುವ ನೃತ್ಯದಲ್ಲಿ ಮುಂದಿನ ಸಾಲು ನಮ್ಮ ತುಟಿಯ ಮೇಲೆ ಮೊದಲೇ ಬಂದಿರುತ್ತದೆ. ಹತ್ತು ವರ್ಷ ಹೀಗೇ ಮಾಡಿದ ಮೇಲೆ ಪರೀಕ್ಷೆ ಅಂತ ನಿಲ್ಲಿಸಲು ಮೈ ಕೇಳುವುದಿಲ್ಲ. ನನ್ನದೇ ಶಿಷ್ಯೆಯೊಬ್ಬಳ ಪರೀಕ್ಷೆಯಲ್ಲಿ ನಾನು ಬಾಗಿಲ ಬಳಿ ನಿಂತು ‘ಪದ’ ಅನ್ನುವ ಹಾಡಿನ ಪೂರ್ತಿ ಅಭಿನಯವನ್ನು ಮುಖದಲ್ಲೇ ಮಾಡಿ ತೋರಿಸಿದ್ದೇನೆ. ಆಗ ಅದು ತಪ್ಪು ಅಂತ ನನಗೆ ಅನಿಸಿಯೇ ಇರಲಿಲ್ಲ.

ಹಾಗಾಗಿ ಮೊದಲು ಮಾಡಿದ್ದು, ಟೀಚರ್‌ಗೆ ಮಗುವಿನ ಹಿಂದೆ ಕುರ್ಚಿ. ಮುಂದೆ ಇಬ್ಬರು ಪರೀಕ್ಷಕರು ಮಾತ್ರ. ಆದರೂ ಒಬ್ಬ ಟೀಚರ್‌ನ ಮಕ್ಕಳು ಒಬ್ಬರೂ ಎಡವದೆ ಮಾಡಿದರು. ಖುಷಿಪಟ್ಟೆವು. ನಾಲ್ಕನೇ ಮಗುವಿನ ಹೊತ್ತಿಗೆ ಗಮನಿಸಿದೆ. ಎಲ್ಲರ ದೃಷ್ಟಿಯೂ ನಮ್ಮ ತಲೆಯ ಮೇಲೆ ಒಂದೇ ಕಡೆ ಇತ್ತು. ತಿರುಗಿ ನೋಡಿದರೆ, ನಮ್ಮ ಬೆನ್ನ ಹಿಂದೆ ಗೋಡೆ ತುಂಬ ಕನ್ನಡಿ! ಕನ್ನಡಿಯೊಳಗೆ ಅವರ ಟೀಚರ್, ತೊಡೆಯ ಮೇಲೆ ಬೆರಳಿನಲ್ಲಿ ಅಡವು ಹಾಕುತ್ತಾ ಕೂತಿದ್ದರು.

ಅವರು ನನಗಿಂತ ಹಿರಿಯರು. ನಾನು ಅಕ್ಕ ಅಂತಲೇ ಕರೆಯುವುದು. ಆ ಮಗು ಮುಗಿಸುವ ತನಕ ಕಾದೆ. ಮಂಡಿ ಬಗ್ಗಿಸಿ ಅರೆಮಂಡಿಯಲ್ಲಿ ನಿಂತ ಮಗುವನ್ನು ಮಧ್ಯದಲ್ಲಿ ನಿಲ್ಲಿಸಬಾರದು ಅನ್ನುವುದು ನನ್ನ ಹಟ. ಆಮೇಲೆ ಜಗಲಿಗೆ ಕರೆದೆ.

“ಅಕ್ಕಾ, ಕನ್ನಡಿಯಲ್ಲಿ ಎಲ್ಲಾ ಕಾಣ್ತಿದೆ.”

“ಕಾಣಲಿ ಬಿಡು. ಮಗು ಮರೆತು ನಿಂತ್ರೆ ನಾನು ನೋಡ್ತಾ ಕೂರ್ಬೇಕಾ?”

“ಇವತ್ತು ಒಂದು ದಿನ ಕೂರಬೇಕು ಅಕ್ಕಾ.”

“ನೀನು ಮಾಡಿಲ್ವಾ?”

“ಮಾಡಿದ್ದೇನೆ. ಅದಕ್ಕೇ ಗೊತ್ತಾಯ್ತು.”

ಅವರು ಮಾತಾಡಲಿಲ್ಲ. ಆ ನಾಲ್ಕು ಮಕ್ಕಳನ್ನು ಊಟದ ನಂತರ ಮತ್ತೆ ಕರೆದೆವು. ಅಂಕ ಕಡಿಯಲಿಲ್ಲ, ಅವರ ತಪ್ಪಲ್ಲವಲ್ಲ. ಶಾಲೆಯ ಕಾವಲುಗಾರರ ಮನೆಯಿಂದ ಎರಡು ಬೆಡ್‌ಶೀಟ್ ತಂದು ಕನ್ನಡಿಗೆ ಹೊದಿಸಿದೆವು. ಇಬ್ಬರು ಚೆನ್ನಾಗಿಯೇ ಮಾಡಿದರು. ಒಬ್ಬಳು ಜತಿಸ್ವರ ನೃತ್ಯದ ಎರಡನೇ ಕೋರ್ವೆಯಲ್ಲಿ, ಅಂದರೆ ಅಡವುಗಳ ಎರಡನೇ ಜೋಡಣೆಯಲ್ಲಿ, ನಿಂತೇಬಿಟ್ಟಳು. ಅಲ್ಲಿಗೆ ಅವಳಿಗೆ ಎಷ್ಟು ಬರುತ್ತದೆ ಅಂತ ಅವಳಿಗೂ ಗೊತ್ತಾಯಿತು.

ಮುಂದಿನ ಪ್ರಶ್ನೆ ತಟ್ಟುಮಣೆಯದ್ದು. ಬೇರೆ ಟೀಚರ್ ಕೂತರೆ ಸನ್ನೆ ನಿಲ್ಲುತ್ತದೆ, ನಿಜ. ಆದರೆ ಒಬ್ಬೊಬ್ಬರ ಕಾಲಪ್ರಮಾಣ ಒಂದೊಂದು. ಗೋಣಿಕೊಪ್ಪದ ಮಕ್ಕಳಿಗೆ ನನ್ನ ವೇಗ ಓಟದ ಹಾಗೆ, ನನ್ನ ಮಕ್ಕಳಿಗೆ ಅವರದ್ದು ನಿದ್ದೆ ಬರಿಸುವ ಹಾಗೆ. ಮೊದಲ ಸಲ ಮೂರನೇ ಕಾಲದಲ್ಲಿ, ಅಂದರೆ ಅತಿ ವೇಗದಲ್ಲಿ, ಮಕ್ಕಳು ಸುಮ್ನೆ ಒದ್ದಾಡಿದರು. ಆಮೇಲೆ ಒಂದು ದಾರಿ ಹೊಳೆಯಿತು. ಕುಣಿಯುವ ಮೊದಲು ಮಗುವೇ ತಾಳ ಹಾಕಿ ಒಂದು ಆವರ್ತನ, ಅಂದರೆ ತಾಳದ ಒಂದು ಸುತ್ತು, ಹೆಜ್ಜೆಯ ಸೊಲ್ಲು ಹೇಳಬೇಕು. ಕೂತವರು ಆ ವೇಗವನ್ನೇ ಹಿಡಿಯಬೇಕು. ಇದರಿಂದ ಮಕ್ಕಳಿಗೆ ಸೊಲ್ಲು ಎಷ್ಟು ಬರುತ್ತದೆ ಅನ್ನುವುದೂ ಪುಕ್ಕಟೆಯಾಗಿ ತಿಳಿಯಿತು. ಯಾವ ಅಡವು ಅನ್ನುವುದನ್ನು ಡಬ್ಬಿಯಿಂದ ಚೀಟಿ ಎತ್ತಿಸಿ ನಿರ್ಧರಿಸಿದೆವು. ಚೀಟಿಗೆ ಒಂದು ಒಳ್ಳೆಯ ಕೆಲಸವೂ ಸಿಕ್ಕಿತು.

ಮೇಕಪ್ ಬೇಡ, ಪ್ರಾಕ್ಟೀಸ್ ಸೀರೆ ಸಾಕು ಅಂದಿದ್ದಕ್ಕೆ ಅಮ್ಮಂದಿರಿಗೆ ಬೇಜಾರು. ಆದರೆ ಕಾಡಿಗೆ, ಮುಡಿ, ನೆತ್ತಿಚುಟ್ಟಿ ಎಲ್ಲಾ ಆದ ಮೇಲೆ ಅಕ್ಕ ಯಾರು ತಂಗಿ ಯಾರು ಅಂತ ಶಾಲೆಯ ಐಡಿ ಕಾರ್ಡ್ ನೋಡಿ ಹೇಳಲು ಆಗುವುದಿಲ್ಲ.

ಇನ್ನು ನೆಂಟಸ್ತಿಕೆ. ಕೊಡಗು ಚಿಕ್ಕದು. ಯಾರ ಮಗು ಅಂತ ಕೇಳಿದರೆ ಮೂರನೇ ವಾಕ್ಯಕ್ಕೆ ನಮಗೆ ನೆಂಟರೇ ಆಗಿಬಿಡುತ್ತಾರೆ. ಸ್ವಂತ ಶಿಷ್ಯರಿಗೆ, ಮನೆಯ ಮಕ್ಕಳಿಗೆ ಅಂಕ ಹಾಕುವ ಹಾಗಿಲ್ಲ ಅಂತ ಮಾಡಿದೆವು. ಇಬ್ಬರು ಪರೀಕ್ಷಕರು ಮಾತಾಡಿಕೊಳ್ಳದೆ ಬೇರೆ ಬೇರೆ ಹಾಳೆಯಲ್ಲಿ ಬರೆಯಬೇಕು, 10ಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ಮೂರನೆಯವರು ನೋಡಬೇಕು. ಒಬ್ಬರು ತೋಟದ ಜೇನು, ಕಾಳುಮೆಣಸು, ಅಡುಗೆಗೆ ಹಾಕುವ ಕೊಡಗಿನ ಹುಳಿ ಕಾಚಂಪುಳಿಯ ಬಾಟಲಿ ಹಿಡಿದು ಬೆಳಿಗ್ಗೆಯೇ ಬಂದರು. ಪ್ರೀತಿಯಿಂದಲೇ ತಂದದ್ದು ಇರಬಹುದು. ವಾಪಸ್ ಕೊಟ್ಟರೆ ಮುಖ ಮುರಿದ ಹಾಗೆ. ಜೇನು ಮಧ್ಯಾಹ್ನ ಎಲ್ಲರ ಎಲೆಗೂ ಹೋಯಿತು. ಕಾಚಂಪುಳಿ, ಮೆಣಸು ಎರಡನ್ನೂ ಫಲಿತಾಂಶ ಬಂದ ಮೇಲೆ ತನ್ನಿ, ಖಂಡಿತ ತಗೋತೀನಿ ಅಂದೆ. ಫಲಿತಾಂಶ ಬಂತು. ಅವು ಬರಲಿಲ್ಲ.

ಕನ್ನಡಿಯ ವಿಷಯವಾದ ಮೇಲೆ ಆ ಅಕ್ಕ ನನ್ನ ಹತ್ತಿರ ಒಂದಷ್ಟು ತಿಂಗಳು ಸರಿಯಾಗಿ ಮಾತಾಡಲಿಲ್ಲ. ಪುತ್ತರಿ ಹಬ್ಬಕ್ಕೆ ಫೋನ್ ಮಾಡಿದರೂ ಎರಡೇ ಮಾತು. ಮುಂದಿನ ವರ್ಷ ಪರೀಕ್ಷೆಗೆ ಬರುತ್ತಾರೋ ಇಲ್ಲವೋ ಅಂತ ಅಳುಕಿತ್ತು. ಮಳೆಯಲ್ಲಿ ಎಲ್ಲರಿಗಿಂತ ಮೊದಲು ಜೀಪಿನಿಂದ ಇಳಿದರು. ಕಂಕುಳಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಮಡಚಿದ ಎರಡು ಬೆಡ್‌ಶೀಟ್. ಕುರ್ಚಿ ಹತ್ತಿ ತಾವೇ ಕನ್ನಡಿಗೆ ಕಟ್ಟಿದರು, ಮಗುವಿನ ಹಿಂದಿನ ಕುರ್ಚಿಯಲ್ಲಿ ಹೋಗಿ ಕೂತರು, ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡರು.