ಹಸಿರಿನ ಮೇಲೆ ಮುಖ: ಟೆಂಪೆರಾ ಗ್ರಾಸ್ಸಾದಲ್ಲಿ ಭಾವಚಿತ್ರ, ನನ್ನ ಅನುಭವ

ಮಿಲಾನಿನಲ್ಲಿ ಹುಟ್ಟಿ ಫ್ಲಾರೆನ್ಸಿನಲ್ಲಿ ನೆಲೆಸಿದ ಚಿತ್ರಕಾರ ಪಿಯೆತ್ರೋ ಅನ್ನಿಗೋನಿ (1910–1988) ಎಂದರೆ ಹೆಚ್ಚಿನವರಿಗೆ ನೆನಪಾಗುವುದು ಎರಡನೇ ಎಲಿಜಬೆತ್ ರಾಣಿಯ 1955ರ ಭಾವಚಿತ್ರ. ಅದರಲ್ಲಿ ಕಡುನೀಲಿ ನಿಲುವಂಗಿಯ ಹಿಂದೆ ದಿಗಂತ ತೀರಾ ಕೆಳಕ್ಕಿಳಿದಿದೆ. ಹದಿನೈದನೇ ಶತಮಾನದ ಇಟಲಿಯ ಚಿತ್ರಕಾರ ಪಿಯೆರೋ ದೆಲ್ಲಾ ಫ್ರಾಂಚೆಸ್ಕಾ ಬಿಡಿಸಿದ ಉರ್ಬಿನೋದ ಆಳರಸ ದಂಪತಿಯ ಹಿಂದೆಯೂ ಹೀಗೇ ವಿಶಾಲ ಬಯಲಿದೆ. ಆದರೆ ಹಳೆಯ ಪರಂಪರೆ ಬಯಲಿಗಿಂತ ಹೆಚ್ಚಾಗಿ ಮುಖದ ಚರ್ಮಕ್ಕೆ ಬಣ್ಣ ಹಚ್ಚುವ ಬಗೆಯಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಅನ್ನಿಗೋನಿ ನೆಚ್ಚಿಕೊಂಡದ್ದು ಟೆಂಪೆರಾ ಗ್ರಾಸ್ಸಾ, ಅಂದರೆ ಮೊಟ್ಟೆಯ ಹಳದಿಗೆ ಎಣ್ಣೆ ಸೇರಿಸಿದ ಬಣ್ಣ. ನಾನು ಅದನ್ನು ಬಳಸುವ ಕ್ರಮ ಹೀಗಿದೆ.

12 ಮಿ.ಮೀ. ಬರ್ಚ್ ಪ್ಲೈವುಡ್ ಹಲಗೆ ಸಾಕು. ಅದರ ಮೇಲೆ ಮೊದಲು ಬಿಳಿಯ ತಳಪದರ ಬೇಕು. ಒಂದು ಲೀಟರ್ ನೀರಿಗೆ 70 ಗ್ರಾಂ ಮೊಲದ ಚರ್ಮದ ಅಂಟು ಹಾಕಿ ರಾತ್ರಿಯಿಡೀ ನೆನೆಸುತ್ತೇನೆ. ಬೆಳಿಗ್ಗೆ ಬಿಸಿನೀರಿನ ಪಾತ್ರೆಯೊಳಗೆ ಇಟ್ಟು ಕರಗಿಸುತ್ತೇನೆ. 60 ಡಿಗ್ರಿ ದಾಟಬಾರದು, ಕುದಿದರೆ ಅಂಟಿನ ಬಲವೇ ಹೋಗುತ್ತದೆ. ಒಂದು ಅಳತೆ ಅಂಟುನೀರಿಗೆ ಒಂದೂವರೆ ಅಳತೆ ಸೀಮೆಸುಣ್ಣದ ಪುಡಿ ಉದುರಿಸಿ, ಗುಳ್ಳೆ ಏಳದಂತೆ ನಿಧಾನವಾಗಿ ಕಲಕಬೇಕು. ಗುಳ್ಳೆ ಉಳಿದರೆ ಉಜ್ಜುವಾಗ ಸೂಜಿಮೊನೆಯಂಥ ತೂತುಗಳು ಬಾಯಿ ಬಿಡುತ್ತವೆ. ಒಂದೇ ದಿನದಲ್ಲಿ ಎಂಟು ಪದರ, ಒಂದು ಅಡ್ಡ, ಒಂದು ಉದ್ದ. ಮೇಲಿನ ಪದರದ ಅಂಟು ಕೆಳಗಿನದಕ್ಕಿಂತ ಗಟ್ಟಿಯಾದರೆ ಬಿರುಕು ಖಂಡಿತ. ಹಿಂಬದಿಗೂ ಬಳಿಯದಿದ್ದರೆ ಹಲಗೆ ಸೊಟ್ಟಗಾಗುತ್ತದೆ.

ಬಣ್ಣಕ್ಕೆ ಬೇಕಾದ ಮೊಟ್ಟೆಯ ಹಳದಿಯನ್ನು ಅಂಗೈಯಿಂದ ಅಂಗೈಗೆ ಹೊರಳಿಸಿ ಲೋಳೆ ಕಳೆದು, ಪೊರೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಕೆಳಗೆ ಚುಚ್ಚುತ್ತೇನೆ. ಹಳದಿ ಸುರಿದುಹೋಗುತ್ತದೆ, ಪೊರೆ ಕೈಯಲ್ಲಿ ಉಳಿಯುತ್ತದೆ. ಆ ಹಳದಿಗೆ ಅದರ ಅರ್ಧದಷ್ಟು ಸ್ಟ್ಯಾಂಡ್ ಆಯಿಲ್ (ಕಾಯಿಸಿ ಮಂದವಾಗಿಸಿದ ಅಗಸೆ ಎಣ್ಣೆ), ಅರ್ಧದಷ್ಟು ಡಮ್ಮಾರ್ ಎಂಬ ಮರದ ರಾಳದ ವಾರ್ನಿಷ್ ಹನಿಹನಿಯಾಗಿ ಬೀಳಬೇಕು, ಕಲಕುವುದು ನಿಲ್ಲಬಾರದು. ಅವಸರಪಟ್ಟರೆ ಮಿಶ್ರಣ ಒಡೆದು ಎಣ್ಣೆ ಬೇರೆಯಾಗುತ್ತದೆ. ಕೊನೆಗೆ ಕೆಲವು ಹನಿ ಬಿಳಿ ವೈನ್ ಸೇರಿಸಿದರೆ ಬೇಗ ಕೆಡದು. ನಮ್ಮ ಮಳೆಗಾಲದಲ್ಲಿ ಎರಡನೇ ದಿನಕ್ಕೆ ಅದನ್ನು ನಂಬಬೇಡಿ.

ಬಣ್ಣದ ಪುಡಿಯನ್ನು ನೀರಲ್ಲಿ ಅರೆದು, ಸಮಪಾಲು ಮಿಶ್ರಣ ಸೇರಿಸಿ, ಗಾಜಿನ ಮೇಲೆ ಒಂದು ಪಟ್ಟೆ ಬಳಿದು ಒಣಗಿಸಿ ನೋಡಿ. ಬ್ಲೇಡಿನಿಂದ ಕೆರೆದಾಗ ಸುರುಳಿಯಾಗಿ ಎದ್ದರೆ ಹದ ಸರಿ. ಪುಡಿಯಾಗಿ ಉದುರಿದರೆ ಮೊಟ್ಟೆ ಸಾಲದು, ಜಿಡ್ಡಾಗಿ ಮಿನುಗಿದರೆ ಹೆಚ್ಚಾಗಿದೆ.

ಮುಖಕ್ಕೆ ಮೊದಲು ಬೀಳುವುದು ಹಸಿರು. ವೆರೋನಾದ ಹಸಿರು ಮಣ್ಣನ್ನು ತೆಳುವಾಗಿ ಎರಡು ಸಲ ಬಳಿದು, ಅದರ ಮೇಲೆ ಬಿಳಿಯಿಂದ ಹಣೆ, ಮೂಗಿನ ಬೆನ್ನು, ಗಲ್ಲ ಎತ್ತುತ್ತೇನೆ. ಇಟಲಿಯ ಸಿಯೆನಾ ನಗರದ ಹಳೆಯ ಚಿತ್ರಗಳಲ್ಲಿ ಮೇರಿಯ ಮುಖ ಹಸಿರಾಗಿ ಕಾಣುವುದು ಮೇಲಿನ ಗುಲಾಬಿ ಸವೆದುಹೋದದ್ದರಿಂದ. ಆ ಗುಲಾಬಿಯನ್ನು ಕೆಮ್ಮಣ್ಣು ಮತ್ತು ಬಿಳಿ ಬೆರೆಸಿ ಮೂರು ಛಾಯೆಗಳಲ್ಲಿ ಮಾಡಿಟ್ಟುಕೊಳ್ಳಬೇಕು. ಸೀಸದ ಬಿಳಿ ವಿಷ, ಪುಡಿಯಾಗಿ ಮುಟ್ಟುವುದಿಲ್ಲ. ಟೈಟಾನಿಯಂ ಬಿಳಿ ಅಡಿಯ ಹಸಿರನ್ನು ಬೇಗ ಮುಚ್ಚಿಬಿಡುವುದರಿಂದ ಕಡಿಮೆ ಬಳಸಿ.

ಬಣ್ಣವನ್ನು ತಿಕ್ಕಿ ಬೆರೆಸುವುದು ಇಲ್ಲಿ ನಡೆಯದು. ಒಂದನೇ ನಂಬರಿನ ಉದ್ದ ಕುಂಚವನ್ನು ಬಣ್ಣಕ್ಕದ್ದಿ, ಬೆರಳಲ್ಲಿ ಹಿಂಡಿ, ಕೂದಲೆಳೆಯಂಥ ಗೀರುಗಳನ್ನು ಕೆನ್ನೆಯ ಉಬ್ಬನ್ನು ಅನುಸರಿಸಿ ಎಳೆಯಬೇಕು. ಹಸಿ ಗೀರಿನ ಮೇಲೆ ಮತ್ತೆ ಕುಂಚ ಆಡಿಸಿದರೆ ಕೆಳಗಿನ ಪದರವೇ ಕಿತ್ತುಬಂದು ಬಿಳಿ ಹಲಗೆ ಇಣುಕುತ್ತದೆ. ಹಾಗಾದಾಗ ತೇಪೆ ಹಚ್ಚದೆ ಒಂದು ಗಂಟೆ ಬಿಟ್ಟು ಹಸಿರಿನಿಂದ ಮತ್ತೆ ಶುರುಮಾಡುತ್ತೇನೆ. ದವಡೆಯ ಕೆಳಗೆ, ಕಣ್ಣಿನ ಗುಳಿಯ ಅಂಚಿನಲ್ಲಿ, ಬಾಯಿಯ ಮೂಲೆಯಲ್ಲಿ ಗೀರು ವಿರಳವಾಗಿರಲಿ. ಅಲ್ಲಿ ಹಸಿರು ಇಣುಕಿದರೇ ಗುಲಾಬಿ ಬೆಚ್ಚಗಾಗುವುದು. ಆ ಜಾಗವನ್ನೂ ತುಂಬಿಬಿಟ್ಟರೆ ಮುಖ ಮೇಣದ ಗೊಂಬೆಯಾಗುತ್ತದೆ, ನಾನು ನೋಡಿದ ಕಲಿಕೆಯ ಚಿತ್ರಗಳು ಹೆಚ್ಚು ಕೆಡುವುದು ಇಲ್ಲೇ.

ಕೊನೆಯ ವಾರ್ನಿಷ್‌ಗೆ ಆರು ತಿಂಗಳು ಕಾಯುತ್ತೇನೆ. ಅಲ್ಲಿಯವರೆಗೆ ಹಲಗೆಯನ್ನು ಕಪಾಟಿನೊಳಗೆ ಇಡಬಾರದು. ಕತ್ತಲಲ್ಲಿ ಎಣ್ಣೆ ಹಳದಿಗಟ್ಟುತ್ತದೆ, ನೇರ ಬಿಸಿಲು ಬೀಳದ ಬೆಳಕಿನ ಗೋಡೆಯೇ ಅದರ ಜಾಗ.